ಲೂಪ್ ಕ್ಲೋಸ್ ಆಗಿದೆ, ಆದರೂ 20 ಮಿ.ಮೀ ವ್ಯತ್ಯಾಸ: ಆಟೋ ಲೆವೆಲ್‌ನಲ್ಲಿ ಎಲ್ಲೆಲ್ಲಿ ನೋಡಬೇಕು?

ಹೇಮಾವತಿ_ಸಿವಿಲ್

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಇಳಿಜಾರಿನಲ್ಲಿ ನೀರಿನ ಗ್ರಾವಿಟಿ ಲೈನ್‌ಗೆ (ಇಳಿಜಾರಿನಲ್ಲಿ ತಾನಾಗಿ ಹರಿಯುವ ಪೈಪ್‌ಲೈನ್) ಆಟೋ ಲೆವೆಲ್‌ನಿಂದ, ಅಂದರೆ ಎತ್ತರದ ವ್ಯತ್ಯಾಸ ಅಳೆಯುವ ಟೆಲಿಸ್ಕೋಪ್ ಯಂತ್ರದಿಂದ, ಲೆವೆಲ್ ತೆಗೆದ ಲೆಕ್ಕ ಇದು. ಉದ್ದ 760 ಮೀ, ಇಳಿತ ಸುಮಾರು 30 ಮೀ, ಅಂದರೆ ಹೆಚ್ಚುಕಡಿಮೆ 25ಕ್ಕೆ 1. ಮೇಲಿನ ತುದಿಯಲ್ಲಿ ಒಂದು ಟಿಬಿಎಂ (ಎತ್ತರಕ್ಕೆ ಆಧಾರವಾಗಿಟ್ಟ ತಾತ್ಕಾಲಿಕ ಬೆಂಚ್‌ಮಾರ್ಕ್), ಕೆಳಗಿನ ತುದಿಯಲ್ಲಿ ಇನ್ನೊಂದು.

ಮೊದಲ ತಂಡ 8 ಸೆಟಪ್‌ನಲ್ಲಿ (ಲೆವೆಲನ್ನು 8 ಕಡೆ ನಿಲ್ಲಿಸಿ) ಇಳಿದು, ಅದೇ ದಾರಿಯಲ್ಲಿ ಹತ್ತಿ ಬಂದು 2 ಮಿ.ಮೀಗೆ ಕ್ಲೋಸ್ ಮಾಡಿದೆ, ಅಂದರೆ ಹೊರಟ ಜಾಗದ ಎತ್ತರ 2 ಮಿ.ಮೀ ವ್ಯತ್ಯಾಸದಲ್ಲಿ ಮತ್ತೆ ಸಿಕ್ಕಿದೆ. ಎರಡನೇ ತಂಡ ಅದೇ ಲೆವೆಲ್, ಅದೇ 4 ಮೀಟರ್ ಅಲ್ಯೂಮಿನಿಯಂ ಸ್ಟಾಫ್ (ನಿಲ್ಲಿಸಿ ಓದುವ ಅಳತೆಕೋಲು) ಹಿಡಿದು 11 ಸೆಟಪ್‌ನಲ್ಲಿ ಹೋಗಿ ಬಂದು 3 ಮಿ.ಮೀಗೆ ಕ್ಲೋಸ್ ಮಾಡಿದೆ. ಹೋಗಿಬರುವ ದೂರ 1.52 ಕಿ.ಮೀ, 12√ಕಿ.ಮೀ ಲೆಕ್ಕದಲ್ಲಿ ಸುಮಾರು 15 ಮಿ.ಮೀ ತನಕ ಬಿಡಬಹುದು. ಇಬ್ಬರೂ ಅದರೊಳಗೆ ಆರಾಮಾಗಿ ಇದ್ದಾರೆ. ಆದರೆ ಕೆಳಗಿನ ಟಿಬಿಎಂ ಮೊದಲ ತಂಡದ ಲೆಕ್ಕದಲ್ಲಿ 20 ಮಿ.ಮೀ ತಗ್ಗಿನಲ್ಲಿದೆ. ಯಾರದ್ದು ಸರಿ?

ಸಮತಲ

ಒಂದೇ ಪ್ರಶ್ನೆ. ಎರಡೂ ತಂಡದವರ ಬ್ಯಾಕ್‌ಸೈಟ್ (ಹಿಂದಿನ ಸ್ಟಾಫ್ ಓದುವುದು) ಎಷ್ಟು ದೂರ, ಫೋರ್‌ಸೈಟ್ (ಮುಂದಿನ ಸ್ಟಾಫ್ ಓದುವುದು) ಎಷ್ಟು ದೂರ? ಟೇಪ್ ಹಿಡಿದಿರದಿದ್ದರೆ ಟೆಲಿಸ್ಕೋಪಿನಲ್ಲಿ ನಡುಗೆರೆಯ ಮೇಲೆ ಕೆಳಗೆ ಕಾಣುವ ಸ್ಟೇಡಿಯಾ ಗೆರೆಗಳ ರೀಡಿಂಗ್ ಕಳೆದು 100ರಿಂದ ಗುಣಿಸಿ, ದೂರ ಸಿಗುತ್ತದೆ.

ಹೇಮಾವತಿ_ಸಿವಿಲ್

ಮೂರೂ ಗೆರೆ ಓದಿದ್ದಾರೆ, ಬುಕ್‌ನಲ್ಲಿ ಇದೆ. ಮೊದಲ ತಂಡ: ಇಳಿಯುವಾಗ ಬ್ಯಾಕ್‌ಸೈಟ್ 35 ಮೀ ಆಸುಪಾಸು, ಫೋರ್‌ಸೈಟ್ 60 ಮೀ ಆಸುಪಾಸು. ಎಂಟೂ ಸೆಟಪ್‌ನಲ್ಲಿ ಹಾಗೇ. ಎರಡನೇ ತಂಡ: ಎರಡೂ ಕಡೆ 35 ಮೀ.

ಸಮತಲ

ಹಾಗಾದರೆ ಕಾರಣ ಬಹುತೇಕ ಖಚಿತ. ನಿಮ್ಮ ಲೆವೆಲ್‌ನ ದೃಷ್ಟಿರೇಖೆ ಅಡ್ಡವಾಗಿ ನೇರ ಹೋಗುತ್ತಿಲ್ಲ, ಸ್ವಲ್ಪ ಮೇಲಕ್ಕೆ ಎತ್ತಿದೆ. ಕಾಲಿಮೇಷನ್ ಎರರ್ ಅಂದರೆ ಇದೇ.

ಇಳಿಜಾರಿನಲ್ಲಿ ದೂರ ಸಮ ಇಲ್ಲದಿರುವುದು ತಾನಾಗಿಯೇ ಆಗುವಂಥದ್ದು. ಲೆವೆಲ್ ನೆಲದಿಂದ 1.5 ಮೀ ಎತ್ತರದಲ್ಲಿ ನಿಂತಿರುತ್ತದೆ. ಮೇಲುಗಡೆ ನೆಲ 1.5 ಮೀ ಏರಿದರೆ ಸ್ಟಾಫ್‌ನ ಬುಡವೇ ದೃಷ್ಟಿರೇಖೆಗೆ ಸಿಕ್ಕಿಬಿಡುತ್ತದೆ, 25ಕ್ಕೆ 1ರಲ್ಲಿ ಅದು 37 ಮೀಟರ್‌ಗೇ ಮುಗಿಯುತ್ತದೆ. ಕೆಳಗಡೆ 4 ಮೀಟರ್ ಸ್ಟಾಫ್ ಇರುವುದರಿಂದ ನೆಲ 2.5 ಮೀ ಇಳಿಯುವ ತನಕ ಓದಬಹುದು, ಅಂದರೆ 62 ಮೀ. ಸೆಟಪ್ ಉಳಿಸಬೇಕು ಅಂತ ಹೊರಟವರು ಯಾರೇ ಆದರೂ 35–60ಕ್ಕೆ ಬಂದು ನಿಲ್ಲುತ್ತಾರೆ.

ಈಗ ರೇಖೆ 100 ಮೀಟರ್‌ಗೆ 10 ಮಿ.ಮೀ ಮೇಲೆದ್ದಿದೆ ಅಂತ ಇಟ್ಟುಕೊಳ್ಳಿ. 35 ಮೀಟರ್‌ನಲ್ಲಿ 3.5 ಮಿ.ಮೀ ಹೆಚ್ಚು ಓದುತ್ತೀರಿ, 60 ಮೀಟರ್‌ನಲ್ಲಿ 6 ಮಿ.ಮೀ ಹೆಚ್ಚು. ಪ್ರತಿ ಸೆಟಪ್‌ಗೂ 2.5 ಮಿ.ಮೀ ಸುಳ್ಳು ಇಳಿತ ಸೇರುತ್ತದೆ. ಎಂಟು ಸೆಟಪ್‌ಗೆ 20 ಮಿ.ಮೀ. ನಿಮ್ಮ ವ್ಯತ್ಯಾಸವೇ ಅದು.

ಕಟ್ಟೆಮನೆ

ಲೆಕ್ಕ ಒಪ್ಪೋಣ. ಆದರೆ ವಾಪಸ್ ಬಂದು 2 ಮಿ.ಮೀಗೆ ಕ್ಲೋಸ್ ಆಗಿದೆಯಲ್ಲ? ಹೋಗುವಾಗ 20 ತಪ್ಪಿದರೆ ಬರುವಾಗ ಇನ್ನೊಂದು 20 ಸೇರಿ 40 ಮಿ.ಮೀ ಹೊರಗೆ ಕಾಣಬೇಕಿತ್ತು. ಲೂಪ್ ಕ್ಲೋಸ್ ಆದಮೇಲೂ ಅನುಮಾನ ಪಟ್ಟರೆ ಸೈಟ್‌ನಲ್ಲಿ ಕೆಲಸ ಮುಂದೆ ಸಾಗುವುದು ಹೇಗೆ?

ಸಮತಲ

ಕಟ್ಟೆಮನೆ ಅವರೇ, ಈ ಚರ್ಚೆಯ ತಿರುಳೇ ನೀವು ಕೇಳಿರುವುದು. ಹತ್ತುವಾಗ ಏನಾಗುತ್ತದೆ ನೋಡಿ. ಈಗ ಬ್ಯಾಕ್‌ಸೈಟ್ ಕೆಳಗಡೆ, 60 ಮೀ. ಫೋರ್‌ಸೈಟ್ ಮೇಲುಗಡೆ, 35 ಮೀ. ಬ್ಯಾಕ್‌ಸೈಟ್‌ನಲ್ಲಿ 6 ಹೆಚ್ಚು, ಫೋರ್‌ಸೈಟ್‌ನಲ್ಲಿ 3.5 ಹೆಚ್ಚು. ಪ್ರತಿ ಸೆಟಪ್‌ಗೆ 2.5 ಮಿ.ಮೀ ಸುಳ್ಳು ಏರಿಕೆ. ಇಳಿಯುವಾಗ 20 ಮಿ.ಮೀ ಹೆಚ್ಚು ಇಳಿದಿರಿ, ಹತ್ತುವಾಗ 20 ಮಿ.ಮೀ ಹೆಚ್ಚು ಹತ್ತಿದಿರಿ. ಹೊರಟ ಜಾಗಕ್ಕೆ ಸರಿಯಾಗಿ ಬಂದು ಸೇರುತ್ತೀರಿ, ಕೆಳಗಿನ ಟಿಬಿಎಂ ಮಾತ್ರ 20 ಮಿ.ಮೀ ತಗ್ಗಿನಲ್ಲಿ ಉಳಿಯುತ್ತದೆ.

ಸಮತಟ್ಟು ನೆಲದಲ್ಲಿ ಹೋಗುವಾಗಲೂ ಬರುವಾಗಲೂ ಬ್ಯಾಕ್‌ಸೈಟನ್ನೇ ಹತ್ತಿರ ಇಟ್ಟುಕೊಂಡಿದ್ದರೆ ನೀವು ಹೇಳಿದ ಹಾಗೆ 40 ಮಿ.ಮೀ ಹೊರಬಿದ್ದು ಸಿಕ್ಕಿಬೀಳುತ್ತಿತ್ತು. ಇಳಿಜಾರಿನಲ್ಲಿ ಮಾತ್ರ ಬಚ್ಚಿಟ್ಟುಕೊಳ್ಳುತ್ತದೆ. ಓದುವಾಗ 1.4 ಅನ್ನು 1.5 ಅಂತ ಬರೆದದ್ದು, ಚೇಂಜ್ ಪಾಯಿಂಟ್ (ಲೆವೆಲ್ ಜಾಗ ಬದಲಿಸುವಾಗ ಸ್ಟಾಫ್ ನಿಂತಿರುವ ಜಾಗ) ಕುಸಿದದ್ದು, ಕೂಡಿ ಕಳೆಯುವಾಗಿನ ತಪ್ಪು, ಇವನ್ನು ಲೂಪ್ ಹಿಡಿಯುತ್ತದೆ. ಯಂತ್ರದೊಳಗೇ ಇರುವ ಒಂದೇ ದಿಕ್ಕಿನ ತಪ್ಪನ್ನು ಹಿಡಿಯಬೇಕಾದರೆ ಪೆಗ್ ಟೆಸ್ಟ್ ಬೇಕು.

ಮಸೂರ_ಸರ್ವಿಸ್

ಪೆಗ್ ಟೆಸ್ಟ್ ಮಾಡುವ ಕ್ರಮ ಬರೆಯುತ್ತೇನೆ. ಅರ್ಧ ಗಂಟೆ ಸಾಕು. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಮಾಡಿ, ಮಧ್ಯಾಹ್ನ ನೆಲದ ಬಿಸಿಗೆ ಸ್ಟಾಫ್ ಕುಣಿಯುತ್ತದೆ, ಮಿಲಿಮೀಟರ್ ಹಿಡಿಯಲು ಆಗುವುದಿಲ್ಲ. ಲೆವೆಲನ್ನು ಪೆಟ್ಟಿಗೆಯಿಂದ ತೆಗೆದು ನೆರಳಿನಲ್ಲಿ ಹತ್ತು ಹದಿನೈದು ನಿಮಿಷ ಇಡಿ.

ಮೊದಲು ದುಂಡು ಬಬಲ್. ಫುಟ್ ಸ್ಕ್ರೂನಿಂದ ಬಬಲನ್ನು ನಡುವೆ ತಂದು ಟೆಲಿಸ್ಕೋಪನ್ನು 180 ಡಿಗ್ರಿ ತಿರುಗಿಸಿ. ಬಬಲ್ ಸರಿದರೆ ಸರಿದದ್ದರಲ್ಲಿ ಅರ್ಧವನ್ನು ಫುಟ್ ಸ್ಕ್ರೂನಿಂದ, ಉಳಿದರ್ಧವನ್ನು ಬಬಲ್‌ನ ಕೆಳಗಿನ ಚಿಕ್ಕ ಸ್ಕ್ರೂಗಳಿಂದ ತಿದ್ದಿ. ಇದನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಡಿ.

ಎರಡನೆಯದು ಪ್ಯಾರಲಾಕ್ಸ್. ಲೆನ್ಸ್ ಮುಂದೆ ಬಿಳಿ ಕಾಗದ ಹಿಡಿದು ಐಪೀಸ್ ತಿರುಗಿಸಿ ಕ್ರಾಸ್ ಹೇರ್ (ಒಳಗಿನ ಗಾಜಿನ ಮೇಲಿನ ಓದುವ ಗೆರೆ) ಕಡುಕಪ್ಪಾಗಿ ಕಾಣುವಂತೆ ಮಾಡಿ. ಆಮೇಲೆ ಸ್ಟಾಫ್‌ಗೆ ಫೋಕಸ್. ಕಣ್ಣನ್ನು ಮೇಲೆ ಕೆಳಗೆ ಆಡಿಸಿದಾಗ ಗೆರೆ ಅಂಕಿಗಳ ಮೇಲೆ ಜಾರಿದರೆ ಫೋಕಸ್ ಇನ್ನೂ ಕೂತಿಲ್ಲ.

ಈಗ ಹೆಚ್ಚುಕಡಿಮೆ ಸಮತಟ್ಟಾದ ಗಟ್ಟಿ ನೆಲದಲ್ಲಿ 60 ಮೀ ಅಂತರಕ್ಕೆ ಎ, ಬಿ ಎರಡು ಗೂಟ ಹೊಡೆಯಿರಿ. ತಲೆಗೆ ದುಂಡು ಮೊಳೆ ಇರಲಿ. ಸರಿಯಾಗಿ ನಡುವೆ, 30 ಮೀಟರ್‌ಗೆ ಲೆವೆಲ್ ನಿಲ್ಲಿಸಿ. ಉದಾಹರಣೆಗೆ ಎ 1.452, ಬಿ 1.687 ಬಂತು ಅನ್ನಿ. ವ್ಯತ್ಯಾಸ 0.235. ರೇಖೆ ಎಷ್ಟೇ ಓರೆ ಇದ್ದರೂ ಎರಡೂ ಕಡೆ ಸಮ ತಪ್ಪು ಬರುವುದರಿಂದ ಈ 0.235 ನಿಜವಾದ ವ್ಯತ್ಯಾಸ.

ನಂತರ ಲೆವೆಲನ್ನು ಎ ಗೂಟದ ಆಚೆ 3 ಮೀಟರ್‌ಗೆ, ಎರಡೂ ಗೂಟದ ನೇರಕ್ಕೆ ತಂದು ನಿಲ್ಲಿಸಿ. ಎ 1.518, ಬಿ 1.759. ವ್ಯತ್ಯಾಸ 0.241. ನಿಜ ವ್ಯತ್ಯಾಸಕ್ಕಿಂತ 6 ಮಿ.ಮೀ ಹೆಚ್ಚು. ಎರಡು ಗೂಟದ ದೂರದ ಅಂತರ 60 ಮೀ, ಹಾಗಾಗಿ 100 ಮೀಟರ್‌ಗೆ 10 ಮಿ.ಮೀ, ರೇಖೆ ಮೇಲಕ್ಕೆ. ಬಿ ಗೂಟದಲ್ಲಿ ಬರಬೇಕಾದ ರೀಡಿಂಗ್ 1.759ರಿಂದ 63 ಮೀಟರ್‌ನ ತಪ್ಪು 6.3 ಮಿ.ಮೀ ಕಳೆದರೆ 1.753.

ಸೆಂಟಿಮೀಟರ್ ಗುರುತಿನ ಸ್ಟಾಫ್‌ನಲ್ಲಿ ಮಿಲಿಮೀಟರನ್ನು ಕಣ್ಣಳತೆಯಲ್ಲೇ ಓದುವುದರಿಂದ ಪ್ರತಿಯೊಂದನ್ನೂ ಫೋಕಸ್ ಕದಲಿಸಿ ಮತ್ತೆ ಮತ್ತೆ ಓದಿ ಸರಾಸರಿ ತೆಗೆಯಿರಿ. ಭೂಮಿಯ ವಕ್ರತೆ, ಗಾಳಿಯ ವಕ್ರೀಭವನ ಎರಡೂ ಸೇರಿ 60 ಮೀಟರ್‌ಗೆ ಕಾಲು ಮಿ.ಮೀ ಅಷ್ಟೇ, ಇಲ್ಲಿ ಬಿಟ್ಟುಬಿಡಿ.

ಡಿಪ್ಲೊಮಾ_ಫೈನಲ್

ಸರ್, ಒಂದು ಸಂದೇಹ. ಆಟೋ ಲೆವೆಲ್‌ನಲ್ಲಿ ಕಾಂಪೆನ್ಸೇಟರ್ ಇದೆ, ರೇಖೆಯನ್ನು ಅದೇ ಸಮ ಮಾಡಿಕೊಳ್ಳುತ್ತದೆ ಅಂತ ಓದಿದ್ದೇವೆ. ಮತ್ತೆ ಈ ತಪ್ಪು ಹೇಗೆ ಬರುತ್ತದೆ?

ದೃಗ್ಯಂತ್ರ

ಒಳ್ಳೆಯ ಪ್ರಶ್ನೆ. ಕಾಂಪೆನ್ಸೇಟರ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎರಡನ್ನೂ ಬಿಡಿಸಿ ನೋಡಬೇಕು.

1950ಕ್ಕೆ ಮುಂಚೆ ಲೆವೆಲ್ ಎಂದರೆ ಟೆಲಿಸ್ಕೋಪಿಗೆ ಕಟ್ಟಿದ ಉದ್ದ ರಸಮಟ್ಟದ ಕೊಳವೆ. ವಿಲಿಯಂ ಗ್ರಾವಟ್ 1832ರಲ್ಲಿ ಮಾಡಿದ ಡಂಪಿ ಲೆವೆಲ್ ಹಾಗೇ ಇತ್ತು. ಪ್ರತಿ ರೀಡಿಂಗ್‌ಗೂ ಬಬಲ್ ನೋಡಿಕೊಳ್ಳಬೇಕು. 1950ರಲ್ಲಿ ಜರ್ಮನಿಯ ಓಬರ್‌ಕೋಹೆನ್‌ನ ಝೈಸ್ ಕಾರ್ಖಾನೆ ಎನ್‌ಐ 2 ಎಂಬ ಲೆವೆಲ್ ತಂದಿತು. ಅದರಲ್ಲಿ ಟೆಲಿಸ್ಕೋಪಿನೊಳಗೆ ಸಣ್ಣ ತಂತಿಗಳಲ್ಲಿ ತೂಗುಬಿಟ್ಟ ಪ್ರಿಸಂ ಇತ್ತು. ಇವತ್ತಿನ ಎಲ್ಲ ಆಟೋ ಲೆವೆಲ್‌ಗಳ ಮೂಲ ಅದು.

ತತ್ವ ಇಷ್ಟು. ಟೆಲಿಸ್ಕೋಪ್ ಸ್ವಲ್ಪ ವಾಲಿದರೆ, ಮುಂದಿನ ಲೆನ್ಸಿನ ನಡುವಿನಿಂದ ಸಮವಾಗಿ ಬರುವ ಕಿರಣ ಕ್ರಾಸ್ ಹೇರ್‌ನಿಂದ ಸರಿದುಹೋಗುತ್ತದೆ. ಸರಿದ ದೂರ = ಲೆನ್ಸಿನ ಫೋಕಲ್ ಉದ್ದ × ವಾಲಿದ ಕೋನ. ತೂಗುವ ಪ್ರಿಸಂ ಗುರುತ್ವಕ್ಕೆ ತಕ್ಕಂತೆ ತಿರುಗಿ ಆ ಕಿರಣವನ್ನು ಅಷ್ಟೇ ದೂರ ಹಿಂದಕ್ಕೆ ಬಾಗಿಸಿ ಕ್ರಾಸ್ ಹೇರ್ ಮೇಲೆ ತಂದು ಬಿಡುತ್ತದೆ. ಫೋಕಲ್ ಉದ್ದ 250 ಮಿ.ಮೀ ಇದ್ದು ಪ್ರಿಸಂ ಕ್ರಾಸ್ ಹೇರ್‌ನಿಂದ 125 ಮಿ.ಮೀ ಮುಂದೆ ಇದ್ದರೆ ಕಿರಣವನ್ನು ವಾಲಿದ ಕೋನದ ಎರಡರಷ್ಟು ಬಾಗಿಸಬೇಕು. ಸಾಮಾನ್ಯವಾಗಿ 15 ನಿಮಿಷದ ಕೋನದ (ಕಾಲು ಡಿಗ್ರಿ) ಆಸುಪಾಸಿನ ತನಕ ಇದು ನಡೆಯುತ್ತದೆ, ಆಮೇಲೆ ಪ್ರಿಸಂನ ಜೋಕಾಲಿ ಪಕ್ಕಕ್ಕೆ ತಾಗಿ ನಿಲ್ಲುತ್ತದೆ. ದುಂಡು ಬಬಲ್ ಇರುವುದು ಈ ಮಿತಿಯೊಳಗೆ ತಂದು ಬಿಡಲು.

ಗಮನಿಸಿ, ಪ್ರಿಸಂ ಕಿರಣವನ್ನು ತರುವುದು ಕ್ರಾಸ್ ಹೇರ್ ಎಲ್ಲಿ ಇರಬೇಕೋ ಆ ಜಾಗಕ್ಕೆ. ಕ್ರಾಸ್ ಹೇರ್ ಗಾಜೇ ಜಾಗ ಬಿಟ್ಟು ಕದಲಿದ್ದರೆ ಪ್ರಿಸಂಗೆ ಅದು ಗೊತ್ತಾಗುವುದಿಲ್ಲ. 100 ಮೀಟರ್‌ಗೆ 10 ಮಿ.ಮೀ ಎಂದರೆ 20 ಸೆಕೆಂಡ್ ಕೋನ. 250 ಮಿ.ಮೀ ಫೋಕಲ್ ಉದ್ದಕ್ಕೆ ಅದು 0.025 ಮಿ.ಮೀ, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಜೀಪಿನ ಹಿಂದಿನ ಸೀಟಿನಲ್ಲಿ ಪೆಟ್ಟಿಗೆ ಕುಲುಕಾಡಿದರೆ ಸಾಕು, ಅಷ್ಟು ಸರಿಯುತ್ತದೆ. ಬಾರ್‌ಕೋಡ್ ಓದುವ ಡಿಜಿಟಲ್ ಲೆವೆಲ್‌ಗೂ ಇದೇ ಪರೀಕ್ಷೆ ಬೇಕು. ಅಲ್ಲಿ ಸ್ಕ್ರೂ ಬದಲು ತಪ್ಪಿನ ಅಂಕಿ ಯಂತ್ರದ ಮೆಮೊರಿಗೆ ಸೇರುತ್ತದೆ, ಅಷ್ಟೇ ವ್ಯತ್ಯಾಸ.

ಕಟ್ಟೆಮನೆ

ಕ್ಲೋಸ್ ಆಗುವ ವಿಷಯ ಈಗ ಅರ್ಥವಾಯಿತು. ಸ್ಕ್ರೂ ಸೈಟ್‌ನಲ್ಲೇ ತಿರುಗಿಸಬಹುದೇ, ಸರ್ವಿಸ್‌ಗೇ ಕೊಡಬೇಕೇ?

ಮಸೂರ_ಸರ್ವಿಸ್

ತಪ್ಪು ಚಿಕ್ಕದಿದ್ದರೆ ಸೈಟ್‌ನಲ್ಲೇ ಆಗುತ್ತದೆ. ಐಪೀಸ್ ಹತ್ತಿರ ಒಂದು ಚಿಕ್ಕ ಮುಚ್ಚಳ ಇರುತ್ತದೆ, ಅದರೊಳಗೆ ಕ್ರಾಸ್ ಹೇರ್ ಸ್ಕ್ರೂ. ಪೆಟ್ಟಿಗೆಯಲ್ಲಿ ಬಂದ ಪಿನ್ ಅಥವಾ ಅಲೆನ್ ಕೀ ಅದಕ್ಕೇ. ಬೇರೆ ಅಳತೆಯ ಕೀ ಹಾಕಿ ಸ್ಕ್ರೂನ ಮೂಲೆ ಸವೆಸಿಬಿಟ್ಟರೆ ಮುಂದೆ ಯಾರಿಂದಲೂ ತಿರುಗಿಸಲು ಆಗುವುದಿಲ್ಲ.

ಎರಡನೇ ಜಾಗದಲ್ಲೇ ನಿಂತು ಬಿ ಸ್ಟಾಫ್ ನೋಡುತ್ತಾ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಯಾವ ಕಡೆ ತಿರುಗಿಸಿದರೆ ಗೆರೆ ಯಾವ ಕಡೆ ಹೋಗುತ್ತದೆ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಮೊದಲು ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸಿ ನೋಡಿಕೊಳ್ಳಿ. ಎದುರು ಬದುರು ಎರಡು ಸ್ಕ್ರೂ ಇರುವ ಮಾಡೆಲ್ ಆದರೆ ಒಂದನ್ನು ಸಡಿಲಿಸಿದ ಮೇಲೆಯೇ ಇನ್ನೊಂದನ್ನು ಬಿಗಿಯಿರಿ. ಎರಡನ್ನೂ ಒಟ್ಟಿಗೆ ಬಿಗಿದರೆ ಗಾಜು ಬಿರುಕು ಬಿಡುತ್ತದೆ. ಕೊನೆಯ ತಿರುಗು ಯಾವಾಗಲೂ ಬಿಗಿಯುವ ಕಡೆಗೇ ಇರಲಿ, ಸಡಿಲಿಸುತ್ತಾ ನಿಲ್ಲಿಸಿದರೆ ಸಂಜೆಯೊಳಗೆ ಮತ್ತೆ ಜಾರಿರುತ್ತದೆ. 1.753 ಬಂದಮೇಲೆ ಟ್ರೈಪಾಡ್ ಕಾಲನ್ನು ಬೆರಳಿನಿಂದ ತಟ್ಟಿ ಮತ್ತೆ ಓದಿ. ನಂತರ ಇಡೀ ಪರೀಕ್ಷೆ ಮೊದಲಿಂದ. 60 ಮೀಟರ್‌ಗೆ 2 ಮಿ.ಮೀ ಒಳಗೆ ಬಂದರೆ ಅಲ್ಲಿಗೆ ನಿಲ್ಲಿಸಿ, ಅದಕ್ಕಿಂತ ಸೂಕ್ಷ್ಮಕ್ಕೆ ಸೆಂಟಿಮೀಟರ್ ಸ್ಟಾಫ್ ಸಾಲುವುದಿಲ್ಲ.

ಸ್ಕ್ರೂ ಮುಟ್ಟುವ ಮುಂಚೆಯೇ ಕಾಂಪೆನ್ಸೇಟರ್ ಪರೀಕ್ಷೆ ಆಗಿರಬೇಕು. ಒಂದು ಫುಟ್ ಸ್ಕ್ರೂ ಸ್ಟಾಫಿನ ನೇರಕ್ಕೆ ಬರುವಂತೆ ನಿಲ್ಲಿಸಿ 40 ಮೀಟರ್‌ನಲ್ಲಿ ಓದಿ. ಬಬಲ್ ವೃತ್ತದ ಅಂಚು ಮುಟ್ಟುವ ತನಕ ಮುಂದಕ್ಕೆ ವಾಲಿಸಿ ಓದಿ, ಹಿಂದಕ್ಕೆ, ಎಡಕ್ಕೆ, ಬಲಕ್ಕೆ. ಐದೂ ಸಲ 1 ಮಿ.ಮೀ ಒಳಗೆ ಒಂದೇ ಬರಬೇಕು. ತಟ್ಟಿದಾಗ ಚಿತ್ರ ಒಮ್ಮೆ ತೂಗಿ ತಕ್ಷಣ ನಿಲ್ಲಬೇಕು. ತೂಗದೇ ಇದ್ದರೆ, ಅಥವಾ ತಟ್ಟಿದಾಗಲೆಲ್ಲ ಬೇರೆ ಜಾಗದಲ್ಲಿ ನಿಂತರೆ ಪ್ರಿಸಂ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಒದ್ದೆ ಲೆವೆಲನ್ನು ಹಾಗೇ ಪೆಟ್ಟಿಗೆಗೆ ಹಾಕಿಟ್ಟರೆ ತೇವದಿಂದ ಹೀಗಾಗುತ್ತದೆ. ಅಂಥದ್ದನ್ನು ಸೈಟ್‌ನಲ್ಲಿ ಬಿಚ್ಚಬೇಡಿ, ತಂತಿಗಳು ಅತಿ ತೆಳು, ಸೀದಾ ಸರ್ವಿಸ್‌ಗೆ ಕಳಿಸಿ.

ದೃಗ್ಯಂತ್ರ

ಇದಕ್ಕೆ ಒಂದು ಸೇರ್ಪಡೆ. ಕಾಂಪೆನ್ಸೇಟರ್ ಪೂರ್ತಿ ಸರಿದೂಗಿಸದೆ ಒಂದಿಷ್ಟು ಉಳಿಸಿದರೆ, ಮತ್ತು ಬಬಲ್ ಕೂಡ ಸ್ವಲ್ಪ ತಪ್ಪಿದ್ದರೆ, ಆ ತಪ್ಪು ಸಮ ದೂರದಿಂದಲೂ ಹೋಗುವುದಿಲ್ಲ. ಟೆಲಿಸ್ಕೋಪ್ ಹಿಂದಕ್ಕೆ ನೋಡುವಾಗ ರೇಖೆ ಎತ್ತಿದ್ದರೆ ಮುಂದಕ್ಕೆ ನೋಡುವಾಗ ತಗ್ಗಿರುತ್ತದೆ. ಪರಿಹಾರ ಸರಳ: ಒಂದು ಸೆಟಪ್‌ನಲ್ಲಿ ಟೆಲಿಸ್ಕೋಪನ್ನು ಹಿಂದಿನ ಸ್ಟಾಫ್ ಕಡೆ ತಿರುಗಿಸಿಕೊಂಡು ಬಬಲ್ ಕೂರಿಸಿ, ಮುಂದಿನ ಸೆಟಪ್‌ನಲ್ಲಿ ಮುಂದಿನ ಸ್ಟಾಫ್ ಕಡೆ ತಿರುಗಿಸಿಕೊಂಡು ಕೂರಿಸಿ. ಜೋಡಿ ಸೆಟಪ್‌ಗಳಲ್ಲಿ ತಪ್ಪು ಒಂದನ್ನೊಂದು ಹೊಡೆದುಹಾಕುತ್ತದೆ. ನಿಖರ ಲೆವೆಲಿಂಗ್ ಮಾಡುವವರು ಇದನ್ನು ಬಿಡುವುದೇ ಇಲ್ಲ.

ನಾಲೆ_ಏರಿ

ಎಲ್ಲರೂ ಯಂತ್ರವನ್ನೇ ಹಿಡಿದು ಕೂತಿದ್ದೀರಿ. ಸ್ಟಾಫ್ ಯಾರು ನೋಡಿದರು? ಎರಡೂ ತಂಡದವರು ಒಂದೇ ಸ್ಟಾಫ್ ಹಿಡಿದಿದ್ದಾರೆ. ಸ್ಟಾಫ್‌ನಲ್ಲಿ ದೋಷ ಇದ್ದರೆ ಇಬ್ಬರದ್ದೂ ಒಂದೇ ರೀತಿ ತಪ್ಪಿರುತ್ತದೆ, 20 ಮಿ.ಮೀ ವ್ಯತ್ಯಾಸದಲ್ಲಿ ಅದು ಕಾಣುವುದೇ ಇಲ್ಲ.

ಸ್ಟಾಫ್ ವಾಲಿದರೆ ರೀಡಿಂಗ್ ಯಾವಾಗಲೂ ಹೆಚ್ಚೇ ಬರುತ್ತದೆ, ಯಾವ ಕಡೆ ವಾಲಿದರೂ ಸರಿ. ಎಷ್ಟು ಹೆಚ್ಚು ಎಂಬುದು ರೀಡಿಂಗ್‌ಗೆ ತಕ್ಕಂತೆ. 2 ಡಿಗ್ರಿ ವಾಲಿದರೆ 4 ಮೀಟರ್ ಹತ್ತಿರ 2.4 ಮಿ.ಮೀ, 1 ಮೀಟರ್‌ನಲ್ಲಿ 0.6. ಇಳಿಜಾರಿನಲ್ಲಿ ಕೆಳಗಿನ ಸ್ಟಾಫ್‌ನ ತುದಿ, ಮೇಲಿನ ಸ್ಟಾಫ್‌ನ ಬುಡ ಓದುತ್ತೀರಿ. ಕೂಡಿ ನೋಡಿದರೆ ಒಟ್ಟು ತಪ್ಪು ಒಟ್ಟು ಇಳಿತಕ್ಕೆ ಸರಿಯಾಗಿ ಹೊಂದಿಕೊಂಡಿರುತ್ತದೆ: 30 ಮೀ ಇಳಿತ, 2 ಡಿಗ್ರಿ ವಾಲು, 18 ಮಿ.ಮೀ. 8 ಸೆಟಪ್ ಆದರೂ ಅಷ್ಟೇ, 11 ಆದರೂ ಅಷ್ಟೇ, ದೂರ ಸಮ ಇಟ್ಟರೂ ಅಷ್ಟೇ. ಲೂಪ್ ಇದರಲ್ಲೂ ಚೆನ್ನಾಗಿ ಕ್ಲೋಸ್ ಆಗುತ್ತದೆ.

ಸ್ಟಾಫ್ ಬಬಲನ್ನು ತೂಗುಗುಂಡಿನ ಜೊತೆ ಹೋಲಿಸಿ ನೋಡಿ. ಬಬಲ್ ಇಲ್ಲದಿದ್ದರೆ ಸ್ಟಾಫನ್ನು ನಿಧಾನ ಹಿಂದೆ ಮುಂದೆ ಆಡಿಸಿಸಿ ಅತಿ ಕಡಿಮೆ ರೀಡಿಂಗ್ ಹಿಡಿಯುವ ಪದ್ಧತಿ ಇದೆ. ಆದರೆ ಅದು ಮೇಲಿನ ರೀಡಿಂಗ್‌ಗೆ ಮಾತ್ರ. ಚಪ್ಪಟೆ ಬುಡದ ಸ್ಟಾಫನ್ನು ಆಡಿಸಿದರೆ ಬುಡದ ಅಂಚಿನ ಮೇಲೆ ಎದ್ದು ನಿಲ್ಲುತ್ತದೆ, ಅರ್ಧ ಮೀಟರ್‌ಗಿಂತ ಕಡಿಮೆ ರೀಡಿಂಗ್‌ಗೆ ಅದೇ ಹೊಸ ತಪ್ಪು ತರುತ್ತದೆ.

ಎಳೆದು ಉದ್ದ ಮಾಡುವ ಸ್ಟಾಫ್‌ನ ಜಾಯಿಂಟ್ ಗುಂಡಿ ಟಕ್ ಎಂದು ಕೂತಿದೆಯೇ ನೋಡಿ. ಸವೆದ ಜಾಯಿಂಟ್ 2–3 ಮಿ.ಮೀ ಕುಸಿದು ನಿಲ್ಲುತ್ತದೆ. ಪೂರ್ತಿ ಎಳೆದು ನೆಲಕ್ಕೆ ಮಲಗಿಸಿ ಒಳ್ಳೆ ಸ್ಟೀಲ್ ಟೇಪಿನಿಂದ ಬುಡದಿಂದಲೇ ಅಳೆಯಿರಿ, ಪ್ರತಿ ಜಾಯಿಂಟ್‌ನ ಮೇಲೂ ಕೆಳಗೂ. ಬಿಸಿಯೂ ಲೆಕ್ಕಕ್ಕೆ ಬರುತ್ತದೆ: ಅಲ್ಯೂಮಿನಿಯಂ ಸ್ಟಾಫ್ 15 ಡಿಗ್ರಿ ಬಿಸಿಯಾದರೆ 30 ಮೀ ಇಳಿತವನ್ನು 10 ಮಿ.ಮೀ ಕಡಿಮೆ ತೋರಿಸುತ್ತದೆ.

ದೃಗ್ಯಂತ್ರ

ಬಿಸಿಯ ಮಾತು ನಮ್ಮ ನೆಲದಲ್ಲಿ ಹಳೆಯದು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಬೇಸ್‌ಲೈನ್ (ಸರ್ವೆಗೆ ಆಧಾರವಾದ ಮೊದಲ ರೇಖೆ) ಅಳೆದಾಗ ಸರಪಳಿಯ ಜೊತೆ ಥರ್ಮಾಮೀಟರ್ ಇಟ್ಟು ಹಿಗ್ಗಿದ್ದಕ್ಕೆ ತಿದ್ದುಪಡಿ ಹಾಕಿದ್ದರು. ನಿಖರ ಲೆವೆಲಿಂಗ್ ಸ್ಟಾಫ್‌ಗಳಲ್ಲಿ ಇನ್ವಾರ್ ಪಟ್ಟಿ ಹಾಕುವುದೂ ಇದೇ ಕಾರಣಕ್ಕೆ. ಚಾರ್ಲ್ಸ್ ಗಿಯೋಮ್ 1896ರಲ್ಲಿ ಕಂಡುಹಿಡಿದ ನಿಕ್ಕಲ್-ಕಬ್ಬಿಣದ ಮಿಶ್ರಲೋಹ ಅದು, ಅಲ್ಯೂಮಿನಿಯಂ ಹಿಗ್ಗುವುದರಲ್ಲಿ ಇಪ್ಪತ್ತನೇ ಒಂದು ಪಾಲು ಹಿಗ್ಗುತ್ತದೆ. 1920ರ ಭೌತಶಾಸ್ತ್ರದ ನೊಬೆಲ್ ಅವರಿಗೆ ಬಂದದ್ದು ಇಂಥ ಮಿಶ್ರಲೋಹಗಳ ಕೆಲಸಕ್ಕೇ.

ಕಟ್ಟೆಮನೆ

30 ಮೀಟರ್ ಹೆಡ್ (ನೀರು ಇಳಿಯುವ ಎತ್ತರ) ಇರುವ ಪೈಪ್‌ಲೈನ್‌ಗೆ 20 ಮಿ.ಮೀ ಏನೂ ಅಲ್ಲ ಅಂತ ನನ್ನ ಅಭಿಪ್ರಾಯ.

ನಾಲೆ_ಏರಿ

ಪೈಪ್‌ಲೈನ್‌ಗೆ ಏನೂ ಅಲ್ಲ, ಒಪ್ಪಿದೆ. ಅದೇ ಲೆವೆಲ್ ನಾಳೆ ನಾಲೆ ಕೆಲಸಕ್ಕೆ ಹೋಗುತ್ತದೆ. 5000ಕ್ಕೆ 1 ಇಳಿಜಾರಿನ ನಾಲೆಯಲ್ಲಿ 80 ಮೀಟರ್‌ಗೆ ತಳ ಇಳಿಯಬೇಕಾದದ್ದು 16 ಮಿ.ಮೀ. ಟಿಬಿಎಂ ಪಕ್ಕದಲ್ಲೇ ಲೆವೆಲ್ ನಿಲ್ಲಿಸಿ 80 ಮೀಟರ್ ತನಕ ಇಂಟರ್‌ಮೀಡಿಯೇಟ್ ರೀಡಿಂಗ್ (ಲೆವೆಲ್ ಕದಲಿಸದೆ ನಡುನಡುವಿನ ಜಾಗಗಳಿಗೆ ಓದುವುದು) ಕೊಡುತ್ತಾ ಹೋದರೆ ಈ ಯಂತ್ರ ತುದಿಯಲ್ಲಿ 8 ಮಿ.ಮೀ ಹೆಚ್ಚು ಓದುತ್ತದೆ. ಡಿಸೈನ್ ರೀಡಿಂಗ್ ಬರುವ ತನಕ ಮೇಸ್ತ್ರಿ ಗೂಟ ಎತ್ತುತ್ತಾನೆ, ಕಾಂಕ್ರೀಟ್ ಅಲ್ಲಿಗೇ ಬೀಳುತ್ತದೆ. 16 ಇಳಿಯಬೇಕಾದಲ್ಲಿ 8 ಮಿ.ಮೀ ಮಾತ್ರ ಇಳಿಯಿತು. ನೀರು ನಿಂತು ಹೂಳು ಕೂರುವುದು ಅಲ್ಲೇ, ಕೊನೆಯ ಗದ್ದೆಯವರಿಗೆ ನೀರು ಸೇರದೆ ಹೋಗುವುದೂ ಅದರಿಂದಲೇ. ಇಂಟರ್‌ಮೀಡಿಯೇಟ್ ರೀಡಿಂಗ್‌ಗೆ ಸಮ ದೂರದ ರಕ್ಷಣೆ ಇಲ್ಲ, ಅಲ್ಲಿ ಯಂತ್ರವೇ ಸರಿ ಇರಬೇಕು. ನಾಲೆ ಕೆಲಸಕ್ಕೆ ವಾರಕ್ಕೊಮ್ಮೆ ಪೆಗ್ ಟೆಸ್ಟ್ ಎಂಬುದನ್ನು ನಾನು ಬಿಟ್ಟುಕೊಡುವುದಿಲ್ಲ.

ಸಮತಲ

ಹಳ್ಳ, ಹೊಳೆ ದಾಟುವಲ್ಲಿ ದೂರ ಸಮ ಮಾಡಲು ಜಾಗವೇ ಸಿಗುವುದಿಲ್ಲ. ಅಲ್ಲಿ ರೆಸಿಪ್ರೊಕಲ್ ಮಾಡಿ: ಈ ದಡದ ಗೂಟದ ಪಕ್ಕದಿಂದ ಎರಡೂ ಗೂಟ ಓದಿ, ತಡಮಾಡದೆ ಆ ದಡಕ್ಕೆ ಹೋಗಿ ಅಷ್ಟೇ ದೂರದಿಂದ ಮತ್ತೆ ಎರಡನ್ನೂ ಓದಿ, ಎರಡು ವ್ಯತ್ಯಾಸಗಳ ಸರಾಸರಿ ತೆಗೆದುಕೊಳ್ಳಿ. ಕಾಲಿಮೇಷನ್ ಮತ್ತು ವಕ್ರತೆ ಪೂರ್ತಿ ಹೋಗುತ್ತವೆ, ವಕ್ರೀಭವನ ಬಹುಪಾಲು ಹೋಗುತ್ತದೆ.

ಹೇಮಾವತಿ_ಸಿವಿಲ್

ಫಲಿತಾಂಶ ಬಂದಿದೆ. ಪೆಗ್ ಟೆಸ್ಟ್‌ನಲ್ಲಿ 60 ಮೀಟರ್‌ಗೆ 6 ಮಿ.ಮೀ, ರೇಖೆ ಮೇಲಕ್ಕೆ. ಕಾಂಪೆನ್ಸೇಟರ್ ಸರಿ ಇದೆ. ಸ್ಟಾಫ್ ಜಾಯಿಂಟ್‌ಗಳು ಸರಿ ಇವೆ. ಸ್ಟಾಫ್ ಬಬಲ್ ನಡುವೆ ಇರುವಾಗ ತೂಗುಗುಂಡು ಹಿಡಿದರೆ 2 ಮೀಟರ್ ಎತ್ತರಕ್ಕೆ 35 ಮಿ.ಮೀ ಓರೆ. ಮೊದಲ ತಂಡದ ಬುಕ್ ತಿದ್ದಿ ಉಪಯೋಗಿಸಬಹುದೇ, ಮತ್ತೆ ಲೆವೆಲ್ ತೆಗೆಯಬೇಕೇ?

ಸಮತಲ

ತಿದ್ದಬಹುದು, ಮೂರೂ ಗೆರೆ ಓದಿರುವುದರಿಂದ ದೂರಗಳು ನಿಮ್ಮ ಕೈಯಲ್ಲಿವೆ. ಫೋರ್‌ಸೈಟ್ ದೂರಗಳ ಮೊತ್ತ 480 ಮೀ, ಬ್ಯಾಕ್‌ಸೈಟ್ ದೂರಗಳ ಮೊತ್ತ 280 ಮೀ, ವ್ಯತ್ಯಾಸ 200 ಮೀ. ಮೀಟರ್‌ಗೆ 0.1 ಮಿ.ಮೀ ಲೆಕ್ಕದಲ್ಲಿ 20 ಮಿ.ಮೀ ಇಳಿತದಿಂದ ಕಳೆಯಿರಿ, ಎರಡನೇ ತಂಡದ ಅಂಕಿಗೆ ಬಂದು ಸೇರುತ್ತದೆ. ಸ್ಟಾಫ್ 2 ಮೀಟರ್‌ಗೆ 35 ಮಿ.ಮೀ ಎಂದರೆ 1 ಡಿಗ್ರಿ ವಾಲು, 30 ಮೀ ಇಳಿತಕ್ಕೆ ಸುಮಾರು 5 ಮಿ.ಮೀ. ಅದನ್ನು ಎರಡೂ ತಂಡದ ಇಳಿತದಿಂದ ಕಳೆಯಬೇಕು.

ನಡುವಿನ ಚೇಂಬರ್‌ಗಳಿಗೆ ತೆಗೆದ ಇಂಟರ್‌ಮೀಡಿಯೇಟ್ ರೀಡಿಂಗ್‌ಗಳಿಗೆ ಈ ಒಟ್ಟು ತಿದ್ದುಪಡಿಯನ್ನು ಚೈನೇಜ್ (ಲೈನ್ ಉದ್ದಕ್ಕೂ ಇರುವ ದೂರ) ಪ್ರಕಾರ ಹಂಚಬೇಡಿ. ಪ್ರತಿ ರೀಡಿಂಗನ್ನೂ ಅದರದ್ದೇ ದೂರಕ್ಕೆ ತಿದ್ದಿ, ಬ್ಯಾಕ್‌ಸೈಟನ್ನೂ ಹಾಗೇ ತಿದ್ದಿ, ಆಮೇಲೆ ಯಂತ್ರದ ಎತ್ತರ (ದೃಷ್ಟಿರೇಖೆಯ ಮಟ್ಟ) ಹೊಸದಾಗಿ ಲೆಕ್ಕ ಹಾಕಿ. ದೂರ ಬರೆಯದ ಇಂಟರ್‌ಮೀಡಿಯೇಟ್ ರೀಡಿಂಗ್ ಇದ್ದರೆ ಆ ಚೇಂಬರ್‌ಗಳನ್ನಷ್ಟೇ ಹೊಸದಾಗಿ ಓದಿ. ಪೆಗ್ ಟೆಸ್ಟ್‌ನ ನಾಲ್ಕೂ ರೀಡಿಂಗ್, ತಾರೀಖು, ಲೆವೆಲ್‌ನ ಸೀರಿಯಲ್ ನಂಬರ್ ಫೀಲ್ಡ್ ಬುಕ್‌ನ ಮೊದಲ ಪುಟದಲ್ಲಿ ಇರಲಿ, ತಿದ್ದುಪಡಿ ಎಲ್ಲಿಂದ ಬಂತೆಂದು ಚೆಕ್ ಮಾಡುವವರು ಕೇಳಿಯೇ ಕೇಳುತ್ತಾರೆ.